ಬಂಡೆಯ ಹಿಂದಿನ ಕಾಲುದಾರಿ

ಮಾರ್ಚ್ ೩, ಸೋಮವಾರ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರು ನಮ್ಮ ನಕಾಶೆ ವಿಭಾಗದವರೇ ಇರಬೇಕು. ಹತ್ತು ವರ್ಷದಿಂದ ಈ ಬೆಟ್ಟವನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ್ದೇನೆ. ಅಂಗೈಯಗಲ, ತಿಳಿ ಹಸಿರು ಬಣ್ಣ, ನೆತ್ತಿಯವರೆಗೆ ಚುಕ್ಕೆ ಚುಕ್ಕೆಯ ಕಾಲುದಾರಿ. ಅದರ ಮೇಲೆ ಎಷ್ಟೋ ಸಲ ಚಹಾದ ಲೋಟ ಇಟ್ಟಿದ್ದೇನೆ. ಈಗ ಅದು ಸೇಡು ತೀರಿಸಿಕೊಳ್ಳುತ್ತಿದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ ಬಿಟ್ಟೆ. ಸಭೆಯಲ್ಲಿ ಸಾಹೇಬರು ಒಂದು ಗಂಟೆ ಕೊರೆದರು. ಬೆಟ್ಟದ ಮೇಲಿನ ಜೌಗುಬಯಲು ಬಹಳ ಸೂಕ್ಷ್ಮ, ಸಾವಿರಾರು ವರ್ಷದಿಂದ ಪಾಚಿ, ಗಿಡಗಂಟಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ಕಪ್ಪು ಮಣ್ಣು, ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ, ಈಗ ನಡೆಯಲು ಬರುವವರ ಕಾಲಿಗೆ ಸಿಕ್ಕಿ ಹಾಳಾಗುತ್ತಿದೆ, ಏನು ಮಾಡೋಣ? ಊಟದ ಹೊತ್ತು ಮೀರಿತ್ತು. "ಸಾರ್, ಎಲ್ಲಿ ನಡೀಬೇಕು ಅಂತ ಒಂದು ಗೆರೆ ಎಳೆದರೆ ಮುಗೀತಲ್ಲ" ಎಂದೆ. "ಹಾಗಾದ್ರೆ ನೀವೇ ಹೋಗಿ ಎಳೀರಿ" ಎಂದರು.

ಜೂನ್ ಮೊದಲ ವಾರ ಸಾಹೇಬರೇ ತಪಾಸಣೆಗೆ ಬರುತ್ತಾರೆ. ಜನರೆಲ್ಲ ಒಂದೇ ದಾರಿಯಲ್ಲಿ ನಡೆಯುತ್ತಿದ್ದರೆ ಬೆಟ್ಟ ತೆರೆದಿರುತ್ತದೆ. ಇಲ್ಲದಿದ್ದರೆ ಸುತ್ತಲೂ ತಂತಿ ಬೇಲಿ, ಐದು ವರ್ಷ ಯಾರಿಗೂ ಪ್ರವೇಶವಿಲ್ಲ. ಎರಡರಲ್ಲಿ ಯಾವುದಾದರೂ ನಾನು ನನ್ನ ಮೇಜಿಗೆ ವಾಪಸ್. ನನ್ನನ್ನು ಕೇಳಿದರೆ ಬೇಲಿಯೇ ಒಳ್ಳೆಯದು. ಬೆಟ್ಟಕ್ಕೂ ನೆಮ್ಮದಿ, ನನಗೂ ನೆಮ್ಮದಿ.

ಅಕ್ಕನ ಮನೆ ಬೆಟ್ಟದ ಬುಡದಲ್ಲೇ ಇರುವುದರಿಂದ ನನ್ನ ವಾಸ ಅಲ್ಲೇ. ಅಕ್ಕ, ಭಾವ, ಭಾವನ ತಾಯಿ, ಇಷ್ಟೇ ಜನ. ಆ ಅತ್ತೆಯಷ್ಟು ಸೌಮ್ಯ ಹೆಂಗಸನ್ನು ನಾನು ಕಂಡಿಲ್ಲ. ಏನು ಹೇಳಿದರೂ ಒಂದು ನಗು, "ಆಗ್ಲಪ್ಪಾ" ಎಂಬ ಒಂದು ಮಾತು. ದಿನಾ ಬೆಳಕು ಹರಿಯುವ ಹೊತ್ತಿಗೆ ಒಬ್ಬರೇ ಬೆಟ್ಟ ಹತ್ತಿ ಇಳಿದು ಬರುತ್ತಾರಂತೆ. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ನಿನ್ನ ದಾರಿಗೀರಿ ಏನಾದ್ರೂ ಮಾಡ್ಕೋ, ಅತ್ತೆ ನಡಿಗೆಗೆ ಮಾತ್ರ ಅಡ್ಡ ಬರಬೇಡ ಕಣೋ" ಎಂದಳು. ಇವಳಿಗೆ ಅತ್ತೆಯ ಮೇಲೆ ಇಷ್ಟೊಂದು ಪ್ರೀತಿ ಎಂದು ತಿಳಿದು ಸಂತೋಷವಾಯಿತು.

ಮಾರ್ಚ್ ೫, ಬುಧವಾರ

ಹತ್ತಿದೆ. ಇದಕ್ಕಿಂತ ಹೆಚ್ಚು ಬರೆಯಲು ಉಸಿರಿಲ್ಲ ಎಂದುಕೊಂಡಿದ್ದೆ, ಆದರೆ ಸಿಟ್ಟಿದೆ.

ಮೇಲೆ ದಾರಿ ಎಂಬುದು ದಾರಿಯಾಗಿ ಉಳಿದಿಲ್ಲ. ಮೊದಲು ಯಾರೋ ಒಬ್ಬ ನೆಟ್ಟಗೆ ನಡೆದ. ಅವನ ಕಾಲಿಗೆ ಪಾಚಿ ಹರಿದು ಕೆಸರಾಯಿತು. ಎರಡನೆಯವನು ಕೆಸರು ಬೇಡವೆಂದು ಪಕ್ಕಕ್ಕೆ ಕಾಲಿಟ್ಟ, ಮೂರನೆಯವನು ಅವನ ಪಕ್ಕಕ್ಕೆ. ಹೀಗೆ ಊರಿನವರೆಲ್ಲ ಶೂ ಚೊಕ್ಕಟವಾಗಿಟ್ಟುಕೊಳ್ಳಲು ಹೋಗಿ, ಒಬ್ಬರು ನಡೆಯುವ ಜಾಗ ಎರಡು ಬಸ್ಸು ಎದುರುಬದುರು ಹೋಗುವಷ್ಟು ಅಗಲವಾಗಿದೆ. ಕಾಲುಗಳ್ಳರು! ಇವರಿಗೆ ನಡೆಯಲು ಮನೆಯಲ್ಲಿ ಜಾಗವಿಲ್ಲವೇ?

ನನ್ನ ಬಲಗಾಲಿನ ಶೂ ಕೆಸರೊಳಗೇ ಉಳಿಯಿತು, ಕಾಲು ಮಾತ್ರ ಹೊರಗೆ ಬಂತು. ಕಲ್ಲು ಹಾಸುವ ಕೆಲಸಕ್ಕೆ ಬಂದಿರುವ ಮೇಸ್ತ್ರಿ ಭುಜದವರೆಗೆ ಕೈ ಹಾಕಿ ಹುಡುಕಿ ತೆಗೆದುಕೊಟ್ಟರು. ಮೊದಲು ಸಿಕ್ಕಿದ್ದು ಬೇರೆ ಯಾರದೋ ಶೂ.

ಇನ್ನು ನಾನಂತೂ ಆ ಕೆಸರಿಗೆ ಇಳಿಯುವುದಿಲ್ಲ. ಎಡಗಡೆ ಬಂಡೆಗಳ ಸಾಲಿದೆ. ಸ್ವಲ್ಪ ಸುತ್ತು, ಆದರೆ ನೆಲ ಗಟ್ಟಿ. ಮೇಲ್ವಿಚಾರಣೆಗೆ ಅಲ್ಲಿಂದಲೇ ಓಡಾಡಿದರಾಯಿತು. ಅಧಿಕಾರಿಯ ಕಾಲುಚೀಲ ಒಣಗಿರಬೇಕು, ಆಗಲೇ ತಲೆ ಓಡುವುದು.

ಮಾರ್ಚ್ ೭, ಶುಕ್ರವಾರ

ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಬುಡದಿಂದ ನೆತ್ತಿಗೆ ಒಂದೇ ನೇರ. ನೋಡಲು ಬಹಳ ಚೆನ್ನಾಗಿದೆ.

ಮಾರ್ಚ್ ೧೪, ಶುಕ್ರವಾರ

ಕಲ್ಲು ಬರುವವರೆಗೆ ಸುಮ್ಮನೆ ಕೂರಬಾರದೆಂದು ಫಲಕ ಬರೆಸಿದೆ: "ದಯವಿಟ್ಟು ದಾರಿ ಬಿಟ್ಟು ಕಾಲಿಡಬೇಡಿ, ಇದು ಸೂಕ್ಷ್ಮ ಪ್ರದೇಶ." ದಾರಿಯ ಮೇಲೆ ನೆಟ್ಟರೆ ನಡೆಯುವವರಿಗೆ ಅಡ್ಡವಾಗುತ್ತದೆಂದು ಪಕ್ಕದ ಪಾಚಿಯಲ್ಲಿ, ಸ್ವಲ್ಪ ಒಳಗೆ ನೆಡಿಸಿದೆ. ಅಕ್ಷರ ಚಿಕ್ಕದಾಯಿತು. ಬಂದವರೆಲ್ಲ ದಾರಿ ಬಿಟ್ಟು, ಪಾಚಿ ತುಳಿದು, ಫಲಕದ ಎದುರಿಗೆ ಹೋಗಿ ನಿಂತು, ಪೂರ್ತಿ ಓದಿ, "ನಿಜ, ನಿಜ, ಯಾರೂ ತುಳೀಬಾರದು" ಎಂದು ತಲೆಯಾಡಿಸಿ ಬರುತ್ತಾರೆ. ಐದೇ ದಿನಕ್ಕೆ ಫಲಕಕ್ಕೊಂದು ಅಚ್ಚುಕಟ್ಟಾದ ಕಾಲುದಾರಿಯಾಗಿದೆ.

ಊಟಕ್ಕೆ ಒಂದು ಒಳ್ಳೆಯ ಜಾಗ ಸಿಕ್ಕಿದೆ. ನೆತ್ತಿಗೆ ಸ್ವಲ್ಪ ಕೆಳಗೆ, ಬಂಡೆಗಳ ಸಾಲು ಮುಗಿಯುವಲ್ಲಿ, ಆನೆಯಷ್ಟು ದೊಡ್ಡದೊಂದು ಬಂಡೆ. ಅದರ ಹಿಂದೆ ಕೂತರೆ ಗಾಳಿ ಇಲ್ಲ, ಕಾಲುಗಳ್ಳರ ಮುಖವೂ ಕಾಣುವುದಿಲ್ಲ. ದಿನಾ ಎರಡು ಮೂರು ಸಲ ಹೋಗುತ್ತೇನೆ.

ಮಾರ್ಚ್ ೨೨, ಶನಿವಾರ

ಫಲಕ ಕೀಳಿಸಿ ಎರಡೂ ಬದಿಗೆ ಹಗ್ಗ ಕಟ್ಟಿಸಿದೆ. ಸಂಜೆ ನೋಡಿದರೆ ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿವೆ. ಎರಡೆರಡು ಊರುಗೋಲು ಹಿಡಿದು ದಿನಾ ಬರುವ ಆ ಗಂಡ ಹೆಂಡತಿಯವು. ನಾನು ಇವರಿಗೆ ಕೋಲು ದಂಪತಿ ಎಂದು ಹೆಸರಿಟ್ಟಿದ್ದೇನೆ. "ತುಂಬಾ ಒಳ್ಳೇ ವ್ಯವಸ್ಥೆ ಸಾರ್, ಕ್ಲಿಪ್ಪು ಇದ್ದಿದ್ರೆ ಇನ್ನೂ ಅನುಕೂಲ" ಎಂದರು ಗಂಡ. ಬೇಲಿ ಬರಲಿ, ಬೇಲಿ.

ಏಪ್ರಿಲ್ ೨, ಬುಧವಾರ

ಕಲ್ಲು ಬಂತು, ನನ್ನ ಗೆರೆಯ ಮೇಲೆ ಹಾಸಲು ಶುರುವಾಯಿತು. ಮೊದಲ ಮೂರು ಚಪ್ಪಡಿ ನಮ್ಮ ಕಣ್ಣೆದುರಿಗೇ ನಿಧಾನವಾಗಿ ಮುಳುಗಿದವು. ಕೊನೆಯಲ್ಲಿ ಒಂದು ಗುಳ್ಳೆ ಬಂತು.

ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಸಾರ್, ನೀವು ಗೆರೆ ಎಳೆಯೋವಾಗ ಇಲ್ಲಿ ನೀರಿತ್ತಾ?" ಎಂದರು.

"ನಕಾಶೆಯಲ್ಲಿ ಇರಲಿಲ್ಲ" ಎಂದೆ.

ಕೆಳಗೆ ಮರದ ತೊಲೆ ಕೊಟ್ಟು ನೋಡೋಣ ಎಂದಿದ್ದಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತಿದೆ.

ಏಪ್ರಿಲ್ ೯, ಬುಧವಾರ

ಇವತ್ತು ರಕ್ತ ಕುದಿಯುತ್ತಿದೆ. ಬೆಟ್ಟದ ಎಡಭಾಗದಲ್ಲಿ, ಇಷ್ಟು ದಿನ ಯಾರೂ ಮುಟ್ಟದ ಕಡೆ, ಒಂದು ಹೊಸ ಕಾಲುದಾರಿ ಹುಟ್ಟಿದೆ! ಬುಡದಲ್ಲಿ ನಾವು ಸಾಮಾನು ಇಡುವ ಶೆಡ್ಡಿನಿಂದ ಹೊರಟು, ಬಂಡೆಯಿಂದ ಬಂಡೆಗೆ ಬಳುಕಿಕೊಂಡು, ನನ್ನ ಊಟದ ಬಂಡೆಯ ಹತ್ತಿರದವರೆಗೂ ಬಂದಿದೆ. ಒಂದೇ ಪಾದದ ಅಗಲ. ಅಂದರೆ ಇದು ಗುಂಪಿನ ಕೆಲಸವಲ್ಲ, ಒಬ್ಬನೇ ಒಬ್ಬ ದಿನಾ ಓಡಾಡಿದ್ದಾನೆ. ಅದೂ ಎಂಥ ಸೊಕ್ಕು, ಅಧಿಕಾರಿಯ ಮೂಗಿನ ಕೆಳಗೇ!

ಅವನಿಗೆ ಒಂಟಿಗ ಎಂದು ಹೆಸರಿಟ್ಟಿದ್ದೇನೆ. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ದಾರಿಯನ್ನು ನೋಡಿದರು, ನನ್ನ ಮುಖ ನೋಡಿದರು, ನನ್ನ ಶೂ ನೋಡಿದರು. "ಹಿಡೀರಿ ಸಾರ್" ಎಂದಷ್ಟೇ ಹೇಳಿ ಕೆಮ್ಮುತ್ತಾ ಹೋದರು. ಪಾಪ, ಗಾಳಿಗೆ ಶೀತವಾಗಿರಬೇಕು.

ಏಪ್ರಿಲ್ ೧೨, ಶನಿವಾರ

ಒಂಟಿಗನ ದಾರಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಹಾಕಿಸಿದೆ. ಸಂಜೆಯೊಳಗೆ ದಾಟಿ ಹೋಗಿದ್ದಾನೆ. ಊಟಕ್ಕೆ ಹೋಗುವಾಗ ನಾನೇ ಒಂದು ಕಡೆ ಸ್ವಲ್ಪ ಸರಿಸಿದ್ದು ನಿಜ, ಅದನ್ನೇ ನೆಪ ಮಾಡಿಕೊಂಡು ನುಗ್ಗಿದ್ದಾನೆ. ಬಹಳ ಚಾಲಾಕಿ. ನಾನು ಬೆಟ್ಟದ ಮೇಲಿರುವಾಗಲೇ ಬರುತ್ತಾನೆ, ಇಲ್ಲದ ದಿನ ಬರುವುದೇ ಇಲ್ಲ.

ಬಂಡೆಯ ಹಿಂದೆ ಹೊಂಚು ಹಾಕುವುದೆಂದು ತೀರ್ಮಾನಿಸಿದ್ದೇನೆ. ಬೆಳಕು ಹರಿಯುವ ಮೊದಲೇ ಹೋಗಬೇಕು.

ಏಪ್ರಿಲ್ ೧೫, ಮಂಗಳವಾರ

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಬಂಡೆಯ ಹಿಂದೆ ಮುದುಡಿ ಕೂತಿದ್ದೆ. ಹೆಜ್ಜೆ ಸದ್ದು ಕೇಳಿತು. ಸಿಕ್ಕಿದ ಎಂದು ಇಣುಕಿದರೆ, ಅತ್ತೆ. ಕೆಸರಿನ ದಾರಿಯಿಂದ ನೆತ್ತಿಗೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗಿನ ಮನೆಯ ಕಡೆ ಮುಖ ಮಾಡಿ ನಿಂತರು. ಸೂರ್ಯನಿಗೆ ಕೈ ಮುಗಿಯುತ್ತಾರೆ ಎಂದುಕೊಂಡೆ.

"ಏ ಮಗನೇ!" ಎಂದು ಶುರು ಮಾಡಿದರು. ಬೆಟ್ಟ ನಡುಗಿತು. "ಅದೇನು ಗೊರಕೆಯೋ, ಮರ ಕೊಯ್ಯೋ ಯಂತ್ರವೋ! ರಾತ್ರಿಯೆಲ್ಲಾ ಒಂದು ಕಾಡು ಕೊಯ್ದು ಹಾಕಿದೀಯಲ್ಲೋ! ಏ ಸೊಸೆ! ಪಾತ್ರೆ ತೊಳೀತೀಯೋ, ಪಾತ್ರೆ ಜೊತೆ ಕುಸ್ತಿ ಆಡ್ತೀಯೋ? ಆ ಬಾಣಲೆ ನಿನಗೇನು ದ್ರೋಹ ಮಾಡಿತ್ತೇ?"

ನೆಲದ ಮೇಲೆ ಮೊಟ್ಟೆಯಿಡುವ ಒಂದು ಟಿಟ್ಟಿಭ ಹಕ್ಕಿ ಗಾಬರಿಯಿಂದ ಎದ್ದು ಅವರ ತಲೆಯ ಸುತ್ತ ಕಿರುಚುತ್ತಾ ಹಾರಿತು. "ನೀನು ಸುಮ್ನಿರೇ, ದೊಡ್ಡೋರು ಮಾತಾಡೋವಾಗ ಮಧ್ಯೆ ಬಾಯಿ ಹಾಕಬೇಡ!" ಎಂದು ಅದಕ್ಕೂ ಬಿತ್ತು.

ಆಗಲೇ ನನಗೆ ಸೀನು ಬಂತು. ಮೂಗು ಹಿಡಿದುಕೊಂಡು ಅರ್ಧ ನುಂಗಿದೆ. ಅತ್ತೆ ಒಂದು ಕ್ಷಣ ನಿಲ್ಲಿಸಿ, ದನಿ ಇನ್ನೊಂದು ಸುತ್ತು ಏರಿಸಿದರು.

"ಇನ್ನು ಸೊಸೆಯ ತಮ್ಮ! ತಿಂದ ತಟ್ಟೆ ತಿಂದಲ್ಲೇ ಬಿಟ್ಟು ಏಳ್ತಾನಲ್ಲ, ತಟ್ಟೆಗೇನು ಕಾಲಿದೆಯಾ ತಾನಾಗೇ ನಡ್ಕೊಂಡು ಹೋಗೋಕೆ? ಒದ್ದೆ ಟವೆಲ್ಲು ಹಾಸಿಗೆ ಮೇಲೆ! ಸ್ನಾನದ ಮನೇಲಿ ಹಾಡು ಬೇರೆ! ಆ ಹಾಡಿಗೆ ಬಿಸಿನೀರೂ ತಣ್ಣಗಾಗುತ್ತೆ!"

ಬೆಳಕು ಪೂರ್ತಿ ಹರಿದ ಮೇಲೆ ಸೆರಗು ಬಿಡಿಸಿ, ಮುಖ ಒರೆಸಿಕೊಂಡು ಇಳಿದು ಹೋದರು. ನಾನು ಹಿಂದಿನಿಂದ ಮನೆ ಸೇರಿದಾಗ ಅದೇ ನಗು. "ಚಹಾ ಕುಡಿಯಪ್ಪಾ" ಎಂದರು. ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ರಾತ್ರಿ ಊಟವಾದ ಮೇಲೆ ತಟ್ಟೆ ತೊಳೆದಿಟ್ಟೆ. ವಿಶೇಷವೇನಿಲ್ಲ, ಕೈ ಖಾಲಿ ಇತ್ತು.

ಏಪ್ರಿಲ್ ೧೬, ಬುಧವಾರ

ಅಕ್ಕನನ್ನು ಹಿಡಿದು ಕೇಳಿದೆ. ಅವಳು ಮೊದಲು ಬಾಗಿಲು ಹಾಕಿದಳು.

"ನಿನಗೆ ಗೊತ್ತಿಲ್ಲ ಕಣೋ, ಮೊದಲೆಲ್ಲಾ ನಾವಿಬ್ಬರೂ ಬೆಳಿಗ್ಗೆ ಶುರು ಮಾಡಿದ್ರೆ ರಾತ್ರಿ ದೀಪ ಆರಿಸೋವರೆಗೂ ಜಗಳ. ಒಂದಿನ ನಾನು ಪೆಟ್ಟಿಗೆ ಕಟ್ಟಿ ಬಾಗಿಲಿಗೆ ಬಂದೆ. ಆಗ ಅತ್ತೆ, 'ಇನ್ನು ಮನೇಲಿ ಬಾಯಿ ಬಿಡಲ್ಲ, ಬಯ್ಯೋದೆಲ್ಲಾ ಬೆಟ್ಟದ ಮೇಲೆ ಬೈದು ಬರ್ತೀನಿ, ನೀನು ಹೋಗಬೇಡ' ಅಂದ್ರು. ಐದು ವರ್ಷ ಆಯ್ತು, ಮಾತು ತಪ್ಪಿಲ್ಲ."

"ಬೆಟ್ಟಕ್ಕೆ ಬೇಲಿ ಬಿದ್ರೆ?"

"ಬಿದ್ರೆ ಅದೆಲ್ಲಾ ಎಲ್ಲಿ ಸುರೀತಾರೆ? ನನ್ನ ಅಡುಗೆಮನೇಲಿ. ನಾನೂ ಸುಮ್ನಿರೋಳಲ್ಲ. ಮತ್ತೆ ಪೆಟ್ಟಿಗೆ ಕಟ್ಟೋದೇ." ಅವಳು ನಗುತ್ತಲೇ ಹೇಳಿದಳು, ಆದರೆ ಕಣ್ಣು ಒರೆಸಿಕೊಂಡದ್ದು ಕಂಡಿತು. ಭಾವ ಒಳ್ಳೆಯವರು. ಅತ್ತೆಯೂ ಒಳ್ಳೆಯವರೇ. ಇವಳು ಈ ಮನೆ ಬಿಟ್ಟು ಇನ್ನೆಲ್ಲಿ ಹೋಗುತ್ತಾಳೆ?

ಹಾಗೆಂದು ಇದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ. ಬೇಲಿ ಬಂದರೆ ನನಗೇ ಲಾಭ. ಮೇಸ್ತ್ರಿಗೆ ನಾಳೆಯಿಂದ ಒಂದು ಗಂಟೆ ಮೊದಲೇ ಕೆಲಸ ಶುರು ಮಾಡಲು ಹೇಳಿದೆ.

ಏಪ್ರಿಲ್ ೨೪, ಗುರುವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತೊಲೆ ಕೊಟ್ಟು ಹಾಸಿದ ಕಲ್ಲು ನಿಂತವು ಅನ್ನುವಷ್ಟರಲ್ಲಿ, ನನ್ನ ಗೆರೆಯ ನಡುಮಧ್ಯ ಟಿಟ್ಟಿಭ ಮೊಟ್ಟೆಯಿಟ್ಟಿದೆ. ಗೂಡೂ ಇಲ್ಲ, ಮನೆಯೂ ಇಲ್ಲ, ಬರೀ ನೆಲದ ಮೇಲೆ ನಾಲ್ಕು ಮಚ್ಚೆ ಮಚ್ಚೆಯ ಮೊಟ್ಟೆ. ಮರಿ ಆಗುವವರೆಗೆ ಅಲ್ಲಿ ಕಲ್ಲು ಹಾಸುವ ಹಾಗಿಲ್ಲ. ಇಷ್ಟು ದೊಡ್ಡ ಬೆಟ್ಟದಲ್ಲಿ ಇದಕ್ಕೆ ನನ್ನ ಗೆರೆಯೇ ಬೇಕಾಗಿತ್ತೇ?

ಕೋಲು ದಂಪತಿ ತಾವಾಗಿಯೇ ದೂರದಲ್ಲಿ ಕಾವಲು ನಿಂತು, ಬಂದವರನ್ನು ಸುತ್ತು ಹಾಕಿಸುತ್ತಿದ್ದಾರೆ. ಅವರ ಫ್ಲಾಸ್ಕಿನ ಚಹಾ ಪರವಾಗಿಲ್ಲ, ಸಕ್ಕರೆ ಸ್ವಲ್ಪ ಹೆಚ್ಚು. ಜೊತೆಗೆ ಕೂತು ಕುಡಿದದ್ದು ಮೇಲ್ವಿಚಾರಣೆಯ ದೃಷ್ಟಿಯಿಂದ.

ಒಂಟಿಗ ಇನ್ನೂ ಸಿಕ್ಕಿಲ್ಲ. ದಿನಾ ಬೆಳಿಗ್ಗೆ ಬಂಡೆಯ ಹಿಂದೆ ಇರುತ್ತೇನೆ. ಅವನು ಬರುವುದಿಲ್ಲ, ಅತ್ತೆ ಬರುತ್ತಾರೆ. ಈಚೆಗೆ ನಾನು ಟವೆಲ್ಲನ್ನು ಹಗ್ಗಕ್ಕೆ ಹಾಕುತ್ತಿದ್ದೇನೆ. ಬೇಗ ಒಣಗುತ್ತದೆ ಎಂದು ನಾನೇ ಕಂಡುಕೊಂಡೆ.

ಮೇ ೨, ಶುಕ್ರವಾರ

ಇವತ್ತು ಮನೆಯಲ್ಲಿ ಯಾವುದೋ ಕೆಲಸದಿಂದ ಅತ್ತೆ ತಡವಾಗಿ ಬಂದರು. ಮೊಟ್ಟೆಯ ಜಾಗ ತಪ್ಪಿಸಿ ಸುತ್ತು ಹಾಕಲು ಹೋಗಿ, ಕಲ್ಲು ಮುಳುಗಿದ ಆ ಹಳ್ಳದಲ್ಲೇ ಮೊಣಕಾಲಿನವರೆಗೆ ಹೂತುಹೋದರು. ಓಡಿದೆ. ಎಳೆದರೆ ನಾನೂ ಇಳಿಯುತ್ತಿದ್ದೇನೆ. ಕೊನೆಗೆ ಕೋಲು ದಂಪತಿಯ ನಾಲ್ಕೂ ಕೋಲು, ಮೇಸ್ತ್ರಿಯ ಹಗ್ಗ, ಎಲ್ಲ ಸೇರಿ ಎತ್ತಿದೆವು. ಒಂದು ಚಪ್ಪಲಿ ಬರಲೇ ಇಲ್ಲ. ಪೂರ್ತಿ ಕಪ್ಪು ಮೆತ್ತಿಕೊಂಡು ನಿಂತು, ಸುತ್ತ ಇಷ್ಟು ಜನರನ್ನು ನೋಡಿ, "ಪರವಾಗಿಲ್ಲಪ್ಪಾ" ಎಂದು ನಕ್ಕರು.

ಆ ನಗು ನೋಡಿ ನನ್ನ ಜೀವ ಅರ್ಧವಾಯಿತು. ನಾಳೆ ಬೆಳಿಗ್ಗೆ ನನಗಿದೆ.

ಅವರಿಗೆ ಏನಾದರೂ ಆಗಿದ್ದರೆ? ನನ್ನ ಗೆರೆಯ ಮೇಲೆ? ರಾತ್ರಿ ಊಟ ಸೇರಲಿಲ್ಲ.

ಮೇ ೩, ಶನಿವಾರ

ಭಾವನಿಗೆ ಒಂದೇ ಮಾತು, ಅಕ್ಕನಿಗೆ ಅದೂ ಇಲ್ಲ. ಇವತ್ತಿನ ಪಾಲೆಲ್ಲ ನನ್ನದು.

"ಗೆರೆ ಎಳೆದನಂತೆ ಗೆರೆ! ಬೆಟ್ಟ ಏನು ನಿಮ್ಮಪ್ಪನ ಮನೆ ಗೋಡೆಯಾ, ಸ್ಕೇಲ್ ಇಟ್ಟು ಗೀಚೋಕೆ? ಊರೋರನ್ನೆಲ್ಲಾ ಕೆಸರಿಗೆ ನೂಕಿ, ತಾನು ಮಾತ್ರ ಕಾಲುಚೀಲ ನೆನೆಯದ ಹಾಗೆ ಬಂಡೆ ಮೇಲೆ ಬಂಡೆ ಮೇಲೆ ಕುಪ್ಪಳಿಸಿಕೊಂಡು ಹೋಗ್ತಾನೆ! ಹೋಗಿ ಹೋಗಿ ಅಲ್ಲೊಂದು ದಾರೀನೇ ಸವೆಸಿದಾನೆ! ಆ ಒಣ ದಾರೀಲಿ ನಮ್ಮನ್ನೂ ಬಿಟ್ಟಿದ್ರೆ ನನ್ನ ಚಪ್ಪಲಿ ಉಳೀತಿರಲಿಲ್ವಾ? ಹೊಸ ಚಪ್ಪಲಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಶೂ ನೋಡಿಕೊಂಡೆ. ಆಮೇಲೆ ಬಂಡೆಯ ಕೆಳಗಿನ ಹೆಜ್ಜೆಗುರುತು ನೋಡಿದೆ. ಶೂ ಬಿಚ್ಚಿ ಅದರ ಮೇಲಿಟ್ಟು ನೋಡಿದೆ. ಇನ್ನೊಂದು ಹೆಜ್ಜೆಯ ಮೇಲಿಟ್ಟು ನೋಡಿದೆ. ಶೆಡ್ಡಿನವರೆಗೂ ಒಂದು ಕಾಲಲ್ಲಿ ಕುಂಟಿಕೊಂಡು ಇಟ್ಟು ನೋಡುತ್ತಾ ಇಳಿದೆ.

ಕರ್ತವ್ಯದ ಮೇಲೆ ನಡೆದದ್ದನ್ನು ನಡಿಗೆ ಎನ್ನಲಾಗುವುದಿಲ್ಲ ಎಂದು ವಾದಿಸಿ ನೋಡಿದೆ. ಕೇಳುವವರು ಯಾರೂ ಇರಲಿಲ್ಲ, ಆದರೂ ಸೋತೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಮೇ ೫, ಸೋಮವಾರ

ಮೇಸ್ತ್ರಿಗೆ ಹೇಳಿದೆ: "ಒಂಟಿಗ ಯಾರು ಅಂತ ಗೊತ್ತಾಯ್ತು."

"ಹೌದಾ ಸಾರ್?" ಎಂದರು, ಬಹಳ ಕಷ್ಟಪಟ್ಟು.

"ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಸಾರ್. ಆದ್ರೆ ಅವನನ್ನ ಹಿಡೀತೀನಿ ಅಂತ ನೀವು ಅಷ್ಟು ಖುಷಿಯಾಗಿದ್ರಲ್ಲ, ಹೇಳೋಕೆ ಮನಸ್ಸು ಬರಲಿಲ್ಲ."

ಇಬ್ಬರೂ ಆ ದಾರಿಯನ್ನು ಕೆಳಗಿನಿಂದ ಮೇಲಿನವರೆಗೆ ನಡೆದು ನೋಡಿದೆವು. ಎಲ್ಲೂ ಜೌಗಿಲ್ಲ, ಪಾಚಿಯಿಲ್ಲ, ಮೊಟ್ಟೆಯಿಲ್ಲ. ಒದ್ದೆಯಾಗಬಾರದೆಂಬ ಒಂದೇ ಹಟದಿಂದ ಒಬ್ಬ ಸೋಮಾರಿ ಹುಡುಕಿಕೊಂಡ ದಾರಿ. ಬುಡದಿಂದ ನೋಡಿದರೆ ಕಾಣುವುದಿಲ್ಲ, ಅದಕ್ಕೇ ಬೇರೆ ಯಾರೂ ಹತ್ತಿಲ್ಲ. ಬಂಡೆಗಳ ನಡುವೆ ಮಣ್ಣಿರುವ ಕಡೆ ಮಾತ್ರ ಕಲ್ಲು ಹಾಸಿದರೆ ಸಾಕು. ಹಳೆಯ ಕೆಸರಿನ ಮೇಲೆ ಕೊಂಬೆ ಹರಡಿ, ಅದನ್ನು ಅದರ ಪಾಡಿಗೆ ಬಿಟ್ಟುಬಿಡುವುದು.

ನಕಾಶೆಯ ಮೇಲಿನ ನನ್ನ ನೇರ ಗೆರೆಯನ್ನು ರಬ್ಬರಿನಿಂದ ಅಳಿಸಿದೆ. ಸ್ವಲ್ಪ ಬೇಜಾರಾಯಿತು. ಚೆನ್ನಾಗಿತ್ತು.

ಮೇ ೨೦, ಮಂಗಳವಾರ

ಮರಿ! ನಾಲ್ಕೂ! ಎದ್ದ ತಕ್ಷಣ ಓಡುತ್ತವೆ, ಕಾಲಿನ ಮೇಲೆ ಹತ್ತಿಯ ಉಂಡೆ ಇಟ್ಟ ಹಾಗೆ. ಕೋಲು ದಂಪತಿಯ ಹೆಂಡತಿ ಅತ್ತರು, ಗಂಡನೂ ಅತ್ತರು. ನನ್ನ ಕ್ಲಿಪ್ಪುಗಳ ಪೆಟ್ಟಿಗೆ ಅವರಿಗೆ ಕೊಟ್ಟೆ. ಪೇಟೆಗೆ ಹೋದಾಗ ಸುಮ್ಮನೆ ಕೊಂಡಿದ್ದೆ.

ಕಲ್ಲು ನೆತ್ತಿಯವರೆಗೆ ಮುಟ್ಟಿತು. ಜನ ಹಾಲಿನ ಪಾತ್ರೆಗೆ ಬೆಕ್ಕು ಬಂದ ಹಾಗೆ ತಾವಾಗಿಯೇ ಅದರ ಮೇಲೆ ಬರುತ್ತಾರೆ. ಫಲಕವಿಲ್ಲ, ಹಗ್ಗವಿಲ್ಲ. ಹಳೆಯ ಕೆಸರಿನ ಅಂಚಿನಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆ ಕಾಣುತ್ತಿದೆ. ದಿನಾ ಬಗ್ಗಿ ನೋಡುವುದರಿಂದ ಬೆನ್ನು ನೋವು.

ಜೂನ್ ೫, ಗುರುವಾರ

ಸಾಹೇಬರ ಫೋನ್. ನಾಳೆ ಬೆಳಕು ಹರಿಯುವಾಗಲೇ ಬೆಟ್ಟ ಹತ್ತುತ್ತಾರಂತೆ, ಹಕ್ಕಿಗಳು ಆಗಲೇ ಕಾಣುವುದಂತೆ. ಅತ್ತೆಯ ಹೊತ್ತು! ಒಂದು ದಿನ ತಡೆಯಬಹುದೇ ಎಂದು ಅಕ್ಕನನ್ನು ಕೇಳಿದೆ. "ತಡೆದರೆ ಸಂಜೆಗೆ ಬಡ್ಡಿ ಸಮೇತ ಬರುತ್ತೆ" ಎಂದಳು.

ಜೂನ್ ೬, ಶುಕ್ರವಾರ

ಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಬಂದರು. ಕಲ್ಲು ತುಳಿದು ನೋಡಿದರು, ಹಸಿರು ಚುಕ್ಕೆ ನೋಡಿದರು, ಎಲ್ಲ ಸುಸೂತ್ರ. ಅಷ್ಟರಲ್ಲಿ ಒಂದು ಟಿಟ್ಟಿಭದ ಮರಿ ಓಡಿತು. ಸಾಹೇಬರು "ಆಹಾ" ಎಂದು ಕಲ್ಲು ಬಿಟ್ಟು ಪಾಚಿಯ ಮೇಲೆ ಒಂದು ಕಾಲು ಇಟ್ಟರು.

"ಏಯ್ ಬಿಳಿ ಟೋಪಿ!"

ಆಕಾಶದಿಂದ ಬಂದ ಹಾಗಿತ್ತು.

"ಕಾಲು ಕಲ್ಲಿನ ಮೇಲೆ! ಇಷ್ಟು ಚೆನ್ನಾಗಿ ದಾರಿ ಮಾಡಿಟ್ಟಿದಾರೆ, ಮೈ ಮೇಲೆ ಪ್ರಜ್ಞೆ ಇಲ್ವಾ? ಹಕ್ಕಿಗಿರೋ ಬುದ್ಧಿ ಟೋಪಿಗಿಲ್ಲ!"

ಸಾಹೇಬರು ಎರಡೂ ಕಾಲು ಒಟ್ಟಿಗೆ ಎತ್ತಿ ಕಲ್ಲಿನ ಮೇಲೆ ಹಾರಿದರು. ಅಷ್ಟು ವಯಸ್ಸಿನವರು ಹಾಗೆ ಹಾರಿದ್ದನ್ನು ನಾನು ನೋಡಿರಲಿಲ್ಲ.

"ಏನ್ರೀ ಅದು?" ಎಂದು ಪಿಸುಗುಟ್ಟಿದರು.

"ಧ್ವನಿ ವ್ಯವಸ್ಥೆ ಸಾರ್" ಎಂದೆ. ಬೇರೆ ಏನೂ ಹೊಳೆಯಲಿಲ್ಲ.

"ಕರೆಂಟಿನ ಖರ್ಚು?"

"ಇಲ್ಲ ಸಾರ್. ಬೆಳಿಗ್ಗೆ ಒಂದು ಲೋಟ ಚಹಾ."

ಇಳಿಯುವವರೆಗೂ ಸಾಹೇಬರು ಕಲ್ಲಿನ ನಡುವಿನಲ್ಲೇ, ಪಾದ ಅಳೆದು ಅಳೆದು ಇಟ್ಟರು. ಬುಡದಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿ, "ಬೇಲಿ ಬೇಡ. ಬೆಟ್ಟ ತೆರೆದಿರಲಿ. ಆ ವ್ಯವಸ್ಥೇನೂ ಇರಲಿ" ಎಂದರು. ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ನನ್ನ ಮೇಜಿಗೆ ಬರಲು ಹೇಳಿದರು.

ಅಕ್ಕನಿಗೆ ಹೇಳಿದಾಗ ಅವಳು ಬಾಣಲೆಯನ್ನು ಸದ್ದಿಲ್ಲದೆ ಕೆಳಗಿಟ್ಟು, ನನ್ನ ತಲೆಯ ಮೇಲೊಂದು ಮೊಟಕಿ ಒಳಗೆ ಹೋದಳು. ಇದಕ್ಕಾಗಿಯೇ ಮೂರು ತಿಂಗಳಿಂದ ಕಾದಿದ್ದೆ, ಮೇಜಿಗೆ ಹೋಗಲು. ಯಾಕೋ ನಿದ್ದೆ ಬರುತ್ತಿಲ್ಲ. ಬೆನ್ನು ನೋವಿರಬೇಕು.

ಜೂನ್ ೯, ಸೋಮವಾರ

ಪೆಟ್ಟಿಗೆ ಕಟ್ಟಿಯಾಗಿತ್ತು. ಬಂಡೆಯ ಹಿಂದೆ ನನ್ನ ಫ್ಲಾಸ್ಕ್ ಬಿಟ್ಟಿದ್ದು ನೆನಪಾಗಿ, ಬಸ್ಸಿಗೆ ಹೊತ್ತಿದೆಯಲ್ಲ ಎಂದು ಬೆಳಕು ಹರಿಯುವ ಮೊದಲೇ ಹತ್ತಿದೆ. ಫ್ಲಾಸ್ಕ್ ಸಿಕ್ಕಿತು. ಆದರೂ ಸ್ವಲ್ಪ ಕೂತೆ.

ಅತ್ತೆ ಬಂದರು. ಭಾವನ ಗೊರಕೆ ಆಯಿತು, ಅಕ್ಕನ ಬಾಣಲೆ ಆಯಿತು, ಬಿಳಿ ಟೋಪಿ ಆಯಿತು, ಕೋಲು ದಂಪತಿಯ ಕಾಲುಚೀಲದ ವಾಸನೆ ಆಯಿತು, ಟಿಟ್ಟಿಭ ಮರಿಗಳನ್ನು ಬೆಳೆಸುವ ರೀತಿ ಕೂಡ ಆಯಿತು. ಆಮೇಲೆ ಸೆರಗು ಬಿಡಿಸಿದರು, ಮುಖ ಒರೆಸಿಕೊಂಡರು.

ನನ್ನ ಹೆಸರಿಲ್ಲ!

ಹೀಗೂ ಉಂಟೇ? ಇಷ್ಟು ದಿನ ಒಂದೇ ಸೂರಿನಡಿ ಇದ್ದು, ಹೊರಡುವ ದಿನ ಒಂದು ಬೈಗುಳಕ್ಕೂ ಬೇಡವಾದೆನೇ? ಹಕ್ಕಿಯ ಮರಿಗಳಿಗಿಂತ ಕಡೆಯಾದೆನೇ? ನಿಜ ಹೇಳುತ್ತೇನೆ, ದುಃಖವಾಯಿತು.

"ಏ ಬಂಡೆ ಹಿಂದಿರೋನೇ!"

ಫ್ಲಾಸ್ಕ್ ಕೈಯಿಂದ ಬಿತ್ತು.

"ಮೊದಲ ದಿನ ಸೀನಿದ್ಯಲ್ಲ, ಆವತ್ತೇ ಗೊತ್ತಾಯ್ತು. ಆ ತಣ್ಣನೆ ನೆಲದ ಮೇಲೆ ಕೂತು ಕೂತು ಬೆನ್ನು ನೋವು ಅಂದ್ರೆ ಇನ್ನೇನಾಗುತ್ತೆ? ಐದು ವರ್ಷ ನಾನು ಬರೀ ಗಾಳೀನ ಬೈದೆ. ಮಗ ಕೇಳಿಸ್ಕೊಳ್ಳಲ್ಲ, ಸೊಸೆಗೆ ಹೇಳೋ ಹಾಗಿಲ್ಲ. ಕೇಳಿಸ್ಕೊಂಡು ತಿದ್ಕೊಳ್ಳೋನು ಒಬ್ಬ ಸಿಕ್ಕಿದ್ದ. ತಟ್ಟೆ ತೊಳೆಯೋಕೆ ಕಲಿತ, ಟವೆಲ್ಲು ಹಾಕೋಕೆ ಕಲಿತ, ದಾರಿ ಸರಿ ಮಾಡಿದ. ಈಗ ಅವನೂ ಪೆಟ್ಟಿಗೆ ಕಟ್ಟಿದಾನೆ! ಹೊರಡೋನನ್ನ ಏನಂತ ಬೈಲಿ? ಬೈದರೆ ಅಳು ಬರುತ್ತೆ, ಅದಕ್ಕೇ ಬಿಟ್ಟೆ. ಏಳು ಮೇಲೆ, ಚಹಾ ಆರುತ್ತೆ!"

ಎದ್ದೆ. ಇಬ್ಬರೂ ಇಳಿದೆವು. ಕಲ್ಲಿನ ಮೇಲೇ. ಮನೆಯ ಹತ್ತಿರ ಬರುವಾಗ ಅವರ ಮುಖದ ಮೇಲೆ ಮತ್ತೆ ಅದೇ ಸೌಮ್ಯ ನಗು ಬಂದು ಕೂತಿತ್ತು. ಬಸ್ಸು ಹೋಗಿತ್ತು.

ಸಾಹೇಬರಿಗೆ ಫೋನ್ ಮಾಡಿ, ಇಳಿಯುವಾಗ ಒಂದು ಕಲ್ಲು ಅಲ್ಲಾಡುತ್ತಿತ್ತು, ಸ್ವಲ್ಪ ದಿನ ಇಲ್ಲೇ ಇರಬೇಕಾಗುತ್ತದೆ ಎಂದೆ. "ಎಷ್ಟು ದಿನ?" ಎಂದರು. "ಹೇಳೋಕಾಗಲ್ಲ ಸಾರ್, ಒಂದಾದ ಮೇಲೊಂದು ಅಲ್ಲಾಡೋ ಹಾಗೆ ಕಾಣುತ್ತೆ" ಎಂದೆ. ಸುಳ್ಳಲ್ಲ, ನಾನೇ ಅಲ್ಲಾಡಿಸಿ ನೋಡಿದ್ದೇನೆ.

ರಾತ್ರಿ ಊಟ ಮಾಡಿ ತಟ್ಟೆ ತೊಳೆದಿಟ್ಟೆ. ಒದ್ದೆ ಟವೆಲ್ಲು ಮಾತ್ರ ಹಾಸಿಗೆಯ ಮೇಲೇ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅತ್ತೆಗೆ ಏನಾದರೂ ಬೇಕಲ್ಲ.